ಕುಣಿಯಿಂದ ಎದ್ದು ಬಂದ ಅಂಬವ್ವ

ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಮೊದಲು ಕೇಳುತ್ತಿದ್ದುದು ಅಂಬವ್ವನ ಮಗ್ಗದ ಸಪ್ಪಳ. "ನಮ್ಮ ಓಣ್ಯಾಗ ಕೋಳಿಗೆ ಕೆಲಸಿಲ್ಲ, ಅದನ್ನೂ ನಮ್ಮಾಕಿನಽ ಎಬ್ಬಸ್ತಾಳ" ಎಂದು ಆಕೆಯ ಗಂಡ ಕಲ್ಲಣ್ಣ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಕಡೆ ಅಂಬವ್ವನ ಮಗ್ಗ, ಈ ಕಡೆ ನನ್ನ ರಾಟಿ. ಗಾಳಿ ಆಡಲೆಂದು ಗೋಡೆಯ ಮೇಲ್ಗಡೆ ಒಂದಿಷ್ಟು ತೆರೆದೇ ಬಿಟ್ಟಿದ್ದರು. ಗಾಳಿಯ ಜೊತೆ ಮಾತೂ ಬರುತ್ತಿತ್ತು. ಮುಂದೆ ಅಂಬವ್ವ ತಾನೇ ಬಂದು ಕುಳಿತು, ಗೋಡೆ ದಾಟಿ ಬಾರದಿದ್ದುದನ್ನೂ ಹೇಳಿದಳು. ಎರಡನ್ನೂ ಕೂಡಿಸಿ ಹೇಳುತ್ತಿದ್ದೇನೆ.

ಕುಣಿಮಗ್ಗ ನೋಡದವರಿಗೆ ಅಂಬವ್ವ ತಿಳಿಯುವುದಿಲ್ಲ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರ ಅಂಚಿಗೆ ಕುಳಿತು ಕಾಲು ಒಳಗೆ ಇಳಿಬಿಡಬೇಕು. ಕಾಲು ಕೆಳಗೆ ಹಲಗೆ ತುಳಿಯುತ್ತದೆ, ಕೈ ಮೇಲೆ ಲಾಳಿ ಓಡಿಸುತ್ತದೆ, ಎದೆಯ ಮುಂದೆಯೇ ನೂಲು ಬಿಗಿದಿರುತ್ತದೆ. ಒಮ್ಮೆ ಕುಳಿತರೆ ಏಳುವುದು ಸಣ್ಣ ಕೆಲಸವಲ್ಲ. ಹೀಗಾಗಿ ನೇಕಾರರ ಮನೆಯ ತಾಯಂದಿರು ಕುಣಿಯೊಳಗೆ ಕುಳಿತೇ ಸಂಸಾರ ಮಾಡುತ್ತಿದ್ದರು. ಕೂಸು ಬಿದ್ದರೆ "ಏನಾತು?" ಎಂದು ಅಲ್ಲಿಂದಲೇ ಕೇಳಬೇಕು. ಕೂಸು ತಾನೇ ಎದ್ದು ಬಂದರೆ ಒಂದು ಕೈಯಲ್ಲಿ ತಲೆ ಸವರಬೇಕು. ಬರದಿದ್ದರೆ ಆಯಿತು, ಮಗ್ಗ ನಡೆದೇ ಇರುತ್ತದೆ. ಅಂಬವ್ವನೂ ಹಾಗೆಯೇ ಮಕ್ಕಳನ್ನು ಬೆಳೆಸಿದಳು. ಅದರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ಅನಿಸಿರಲಿಲ್ಲ.

ಆಕೆಯ ತವರು ಲಕ್ಷ್ಮೇಶ್ವರ. ಮೊದಲು ಸಂಸ್ಥಾನಕ್ಕೆ ಸೇರಿದ್ದ ಊರು. ತಂಗಿ ತುಳಜವ್ವನನ್ನು ಅದೇ ಊರಿಗೆ ಕೊಟ್ಟಿದ್ದರು. ಅಂಬವ್ವನ ಚೊಚ್ಚಲು, ಒಬ್ಬಳೇ ಮಗಳು ಬನಶಂಕರೆವ್ವ. ಎಲ್ಲರ ಬಾಯಲ್ಲಿ ಬನವ್ವ. ಅವಳ ಕೆಳಗೆ ಇಬ್ಬರು ಗಂಡುಮಕ್ಕಳು. ಬಹಳ ದಿನದ ಮೇಲೆ, ಬನವ್ವ ದೊಡ್ಡವಳಾಗುವ ಹೊತ್ತಿಗೆ, ಗೋಪಣ್ಣ ಹುಟ್ಟಿದ. ಬಾಣಂತನ ಮುಗಿಯುತ್ತಲೇ ಅಂಬವ್ವ ಕುಣಿಗಿಳಿದಳು, ಕೂಸು ಬನವ್ವನ ಕಂಕುಳಿಗೆ ಬಂತು. ಅದೇ ವರ್ಷ ಅವಳ ಶಾಲೆ ಬಿಡಿಸಿದರು. ಎರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲ ಅವಳೇ. ಕಂಕುಳಲ್ಲಿ ಗೋಪಣ್ಣ ಇಲ್ಲದ ಬನವ್ವನನ್ನು ನಾವು ನೋಡಿದ್ದೇ ಕಡಿಮೆ. "ಏನವಾ ಬನವ್ವಾ, ನಿನ್ನ ಮಗಾ ಉಂಡನೇನು?" ಎಂದು ಓಣಿಯವರು ಚೇಷ್ಟೆ ಮಾಡಿದರೆ "ಉಂಡ, ನಿಮ್ಮ ಮನಿಗೇನ ಬರಂಗಿಲ್ಲ ಬಿಡ್ರಿ" ಎಂದು ತಿರುಗಿ ಹೇಳುವಷ್ಟು ಬಾಯಿ ಇತ್ತು ಆ ಹುಡುಗಿಗೆ.

ತುಳಜವ್ವನಿಗೆ ಮಕ್ಕಳಾಗಲಿಲ್ಲ. ಒಂದು ಬೇಸಿಗೆಯಲ್ಲಿ ಗಂಡನ ಜೊತೆ ಬಂದು ಅಕ್ಕನ ಮುಂದೆ ಸೆರಗೊಡ್ಡಿ ಕುಳಿತಳು.

"ಯಕ್ಕಾ, ನಿನಗ ದೇವರು ಕೊಟ್ಟಾನ. ನನ್ನ ಉಡಿಯಾಗ ಒಂದ ಕೂಸು ಹಾಕು."

ಒಡಹುಟ್ಟಿದವಳು ಸೆರಗೊಡ್ಡಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹಿರಿಯರು ಕೂಡಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಯಡಿಕೆ ಇಟ್ಟು, ಅದರ ಜೊತೆ ಗೋಪಣ್ಣನನ್ನು ತಂಗಿಯ ಉಡಿಯಲ್ಲಿ ಹಾಕಿದರು. ಹಾಕುವಾಗ ಯಾರೂ ಅಳಬಾರದು, ಕೂಸಿಗೆ ಒಳ್ಳೆಯದಲ್ಲ. ಹಾಕಿದ ಮೇಲೆ, ಅದು ಹೊಸ ತಾಯಿಗೆ ಹತ್ತುವ ತನಕ, ಹೆತ್ತ ಮನೆಯವರು ಆ ಕಡೆ ಮುಖ ಹಾಕಬಾರದು. ಬನವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಕೂಸು ಅವಳ ಕಡೆ ಕೈ ಚಾಚಿ ಚೀರಿತು. ಅವಳು ಅಲುಗಲಿಲ್ಲ.

ಮರುದಿನ ಅಂಬವ್ವ ನನ್ನೆದುರು ಹಿಗ್ಗಿನಿಂದ ಹೇಳಿದಳು. "ನೋಡ ಮಂಜವ್ವಾ, ನಾನಽ ಸೆರಗ ಬಾಯಾಗ ತುರಕೊಂಡಿದ್ದೆ. ನನ್ನ ಮಗಳು ಒಂದ ಹನಿ ಕಣ್ಣೀರ ಹಾಕಲಿಲ್ಲ. ಎಷ್ಟ ಶಾಣ್ಯಾಕಿ!"

ಆ ಮಾತನ್ನು ಬನವ್ವನ ಮುಂದೆಯೇ ಹೇಳಿದ್ದಳು. ಬನವ್ವ ತಲೆ ಬಗ್ಗಿಸಿ ಕಂಡಕಿ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ನಾವು ಕಂಡಕಿ ಅನ್ನುತ್ತೇವೆ.

ಅಲ್ಲಿಂದ ಹುಡುಗಿಗೆ ಊಟ ಸೇರದಾಯಿತು. ಕೇಳಿದರೆ ಹೊಟ್ಟೆನೋವು ಅನ್ನುತ್ತಿದ್ದಳು. ಅಂಬವ್ವ ಓಂಕಾಳು ಕೊಟ್ಟಳು, ಔಡಲೆಣ್ಣೆ ಕುಡಿಸಿದಳು. ಮಳೆಗಾಲದಲ್ಲಿ ಒಂದು ದಿನ ಕಂಡಕಿ ಕೊಡಲು ಬಗ್ಗಿದಾಗ ಬನವ್ವನ ಸೆರಗು ಜಾರಿತು. ಎಡಗೈ ಮೇಲೆ ಒಂದು ಬರೆ.

ಬರೆಯೆಂದರೆ ನಮ್ಮ ಕಡೆ ಅಂಜುವ ಮಾತಾಗಿರಲಿಲ್ಲ. ಆಗಿನ ಕಾಲದಲ್ಲಿ ಹೊಟ್ಟೆಗಡ್ಡೆ, ಕಾಮಣಿ, ಬಾಲಗ್ರಹ ಯಾವುದೇ ಇರಲಿ, ಕೂಸಿಗೆ ಬರೆ ಹಾಕಿಸುತ್ತಿದ್ದರು. ಎಷ್ಟೋ ಮಂದಿಯ ಮೈಮೇಲೆ ಆ ಕಲೆ ಇನ್ನೂ ಇದೆ. ಅದರಿಂದ ಒಂದು ಕೂಸಾದರೂ ನೆಟ್ಟಗಾಯಿತೋ, ತಾನಾಗಿ ನೆಟ್ಟಗಾದದ್ದಕ್ಕೆ ಅದರ ಹೆಸರು ಹೇಳಿದೆವೋ, ಆಗ ಯಾರೂ ಕೇಳಲಿಲ್ಲ. ಬನವ್ವ ಸಣ್ಣವಳಿದ್ದಾಗ ಹೊಟ್ಟೆಬೇನೆ ಬಂದಿತ್ತು. ಮಲ್ಲಸಮುದ್ರದ ಹುಲಗಪ್ಪನಿಂದ ಬರೆ ಹಾಕಿಸಿದ್ದರು. ಆಗ ಅಂಬವ್ವನೇ ಮಗಳ ಕಾಲು ಹಿಡಿದುಕೊಂಡಿದ್ದಳು.

ಈಗ ಕೈಮೇಲಿನ ಬರೆ ನೋಡಿ ಅವಳಿಗೆ ಹೊಳೆದದ್ದು ಅದೇ. ಮನೆಯಲ್ಲೇ ಇದ್ದ ಅತ್ತೆ ಮೊದಲೆಲ್ಲ ಮೊಣಕಾಲು ನೋವಿಗೆಂದು ಮಲ್ಲಸಮುದ್ರಕ್ಕೆ ಹೋಗಿಬರುತ್ತಿದ್ದಳು, ಈಗ ಮೊಮ್ಮಗಳನ್ನೂ ಕರೆದೊಯ್ದಿರಬೇಕು ಎಂದುಕೊಂಡಳು.

"ಅಜ್ಜಿ ಹುಲಗಪ್ಪನ ಕಡೆ ಕರಕೊಂಡ ಹೋಗಿದ್ಲೇನು?"

"ಹೂಂ."

"ನೋವು ಕಮ್ಮಿ ಆತೇನು?"

"ಕಮ್ಮಿ ಆತು."

"ಚಲೋ ಆತ ಬಿಡು. ಕಂಡಕಿ ಕೊಡು."

ಇಷ್ಟೇ ಮಾತು. ಗೋಡೆಯ ಈಚೆ ನನಗೂ ಕೇಳಿಸಿತ್ತು. ಈ ಮಾತು ನಡೆದಷ್ಟು ಹೊತ್ತೂ ಲಾಳಿಯ ಸಪ್ಪಳ ನಿಂತಿರಲಿಲ್ಲ. ಮುಂದೆ ಅಂಬವ್ವ ತನ್ನನ್ನು ತಾನು ಬೈದುಕೊಂಡದ್ದೆಲ್ಲ ಈ ಒಂದು ಗಳಿಗೆಯ ಸುತ್ತಲೇ. "ಆಕಿ ಮಾರಿ ನೋಡಲಿಲ್ಲ ನಾನು. ನೋಡಿದ್ರ ಕಾಣತಿತ್ತು. ಕೈ ನೋಡಿದೆ, ಕಮ್ಮಿ ಆತೇನು ಅಂದೆ, ಕಂಡಕಿ ಕೇಳಿದೆ."

ದಸರೆಯ ಹೊತ್ತಿಗೆ ಮತ್ತೊಂದು ಬರೆ ಕಂಡಿತು. ಆಮೇಲೆ ಇನ್ನೊಂದು. ಅಂಬವ್ವನಿಗೆ ಸಿಟ್ಟು ಬಂದದ್ದು ಅತ್ತೆಯ ಮೇಲೆ.

"ಅತ್ತಿ, ಹುಡುಗಿ ಕೈಯೇನು ಕಟ್ಟಿಗಿ ಅಂತ ತಿಳದೀರೇನು? ಎಷ್ಟ ಸಲ ಹಾಕಸ್ತೀರಿ?"

"ನಾ ಎಲ್ಲಿ ಕರಕೊಂಡ ಹೋಗೀನವಾ?" ಮುದುಕಿ ಕಟ್ಟೆಯಿಂದ ಕೂಗಿದಳು. "ನನ್ನ ಮಣಕಾಲು ನನ್ನನ್ನಽ ಕರಕೊಂಡ ಹೋಗವಲ್ದು. ಮೊಮ್ಮಗಳನ್ನ ಹೊತಗೊಂಡ ಹೋಗ್ಲ್ಯಾ?"

ಅತ್ತೆ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಅಂಬವ್ವ ಮಲ್ಲಸಮುದ್ರಕ್ಕೆ ಹೊರಟಳು. ಜಗಳಕ್ಕೆ ಜೊತೆ ಬೇಕೆಂದು ನನ್ನನ್ನೂ ಕರೆದಳು. ಹುಲಗಪ್ಪ ಬೇವಿನ ಗಿಡದ ಕೆಳಗೆ ಕುಳಿತಿದ್ದ.

"ಏನೋ ಯಜ್ಜಾ, ಯಾರ್ನ ಕೇಳಿ ನನ್ನ ಮಗಳಿಗೆ ಬರಿ ಹಾಕಾಕತ್ತಿ?"

"ಯಾ ಮಗಳವಾ?"

"ಎಷ್ಟ ಮಂದಿ ಅದಾರ ನನಗ? ಬನವ್ವ. ಸಣ್ಣಾಕಿದ್ದಾಗ ನೀನಽ ಹಾಕಿದ್ದಿ. ಈಗ ಮತ್ತ ಸುರು ಮಾಡೀಯಲ್ಲ."

ಮುದುಕ ಎರಡೂ ಕೈ ಮುಂದೆ ಚಾಚಿದ. ಗಡಗಡ ನಡುಗುತ್ತಿದ್ದವು. "ಚಾದ ಬಟ್ಟಲ ಹಿಡಿಯಾಕ ಬರವಲ್ದು ನನಗ. ನನ್ನ ಸೊಸಿ ಕುಡಸ್ತಾಳ. ಆ ಕೆಲಸಾ ಬಿಟ್ಟು ಎಷ್ಟೋ ವರ್ಷ ಆತು." ಆಮೇಲೆ ಕೇಳಿದ: "ಎಲ್ಲಿ ಬಿದ್ದಾವು ಬರಿ?"

"ಎಡಗೈ ಮ್ಯಾಲೆ."

"ಹೊಟ್ಟಿನೋವಿಗೆ ಕೈಮ್ಯಾಲೆ ಯಾರ ಹಾಕ್ತಾರ ಯವ್ವಾ?"

ಮುದುಕ ತನ್ನ ಕೈಗಳನ್ನು ಮಡಿಲೊಳಗೆ ಎಳೆದುಕೊಂಡ. "ಮನಿಗೆ ಹೋಗ ಯವ್ವಾ. ಜಲ್ದಿ ಹೋಗು."

ಬರುವ ದಾರಿಯಲ್ಲಿ ಆಕೆ ಓಡುತ್ತಿದ್ದಳು, ನಾನು ಹಿಂದೆ ಬೀಳುತ್ತಿದ್ದೆ. ಎಲ್ಲೋ ಒಂದು ಕಡೆ ಬದುವಿನ ಮೇಲೆ ಕುಸಿದು ಕುಳಿತಳು. "ಅಲ್ಲ ಮಂಜವ್ವಾ, ಆಕಿನ್ನ ಕೇಳಿದ್ದೆನಲ್ಲ ನಾನು. ಕಮ್ಮಿ ಆತು ಅಂದ್ಲು" ಎಂದು ಹೇಳಿದ್ದನ್ನೇ ಹೇಳಿದಳು. ಮತ್ತೆ ಎದ್ದು ಓಡಿದಳು.

ಮನೆಯಲ್ಲಿ ಬನವ್ವ ರಾಟಿಯ ಮುಂದೆ ಕುಳಿತಿದ್ದಳು. ಅಂಬವ್ವ ಮಗ್ಗದ ಕಡೆ ಹೋಗದೆ ಮಗಳ ಎದುರಿಗೆ ನೆಲದ ಮೇಲೆ ಕುಳಿತಳು.

"ಯಾರ ಹಾಕಿದ್ರು?"

ಬನವ್ವ ರಾಟಿ ತಿರುಗಿಸುತ್ತಲೇ ಹೇಳಿದಳು.

"ನಾನಽ."

"ಯಾಕಽ ನನ್ನವ್ವಾ?"

"ನೀನಽ ಹೇಳಿದ್ದೆಲ್ಲಬೇ, ನಾ ಸಣ್ಣಾಕಿದ್ದಾಗ. ನನ್ನ ಕಾಲ ಹಿಡಕೊಂಡು. ಮ್ಯಾಲಿನ ಉರಿ ಒಳಗಿನ ನೋವು ತಿಂತೈತಿ, ಸುಮ್ನಿರು ಅಂತ."

ಅಂಬವ್ವ ಹೊಡೆದಳು. ಕೆನ್ನೆಗೆ ಬಿದ್ದ ಏಟು ಗೋಡೆಯಾಚೆ ನನಗೂ ಕೇಳಿಸಿತು. ಆಮೇಲೆ ಅಂಬವ್ವನೇ ಅತ್ತದ್ದೂ ಕೇಳಿಸಿತು. ಬನವ್ವ ಆಗಲೂ ಅಳಲಿಲ್ಲ.

ಮನೆಯಲ್ಲಿ ಸುದ್ದಿ ಆಯಿತು. ಮಾತು ಮಾತಿಗೆ ನಗುತ್ತಿದ್ದ ಕಲ್ಲಣ್ಣ ಬಾಯಿ ಮುಚ್ಚಿದ. ಹುಡುಗಿ ಒಲೆಯ ಹತ್ತಿರ ಹೋಗಬಾರದೆಂದಾಯಿತು. ಅವಳು ನೀರಿಗೆ ಹೋದರೂ, ಹಿತ್ತಲಿಗೆ ಹೋದರೂ ಅಂಬವ್ವನ ಕಣ್ಣು ಹಿಂದೆ. ಬೆಳಗಾದರೆ ತೋಳು ಎಳೆದು ನೋಡುವಳು. ಹುಡುಗಿ ಬಾಡುತ್ತ ಹೋದಳು. ಅತ್ತೆ ತನಗೆ ತಿಳಿದ ದಾರಿ ಹೇಳಿದಳು.

"ಗಾಳಿ ಸೋಕೇತಿ. ಲಗೂನ ಮದಿವಿ ಮಾಡ್ರಿ. ಮುಂಡರಗಿ ಕಡೆಯಿಂದ ಕೇಳಾಕತ್ತಾರ. ಉದ್ದ ತೋಳಿನ ಕುಬಸಾ ಹೊಲಿಸಿದ್ರ ಯಾರಿಗೆ ಕಾಣತೈತಿ?"

"ಅದನ್ನ ಮುಚ್ಚಿ ಯಾರ ಮನಿಗೆ ಕಳಸ್ಲ್ರಿ ಅತ್ತಿ? ಅಲ್ಲಿ ಆಕಿನ್ನ ಯಾರ ನೋಡ್ತಾರ?" ಎಂದಳು ಅಂಬವ್ವ. "ಇನ್ನೊಂದ ಕೂಸು ಕೈ ದಾಟಿಸಂಗಿಲ್ಲ ನಾನು."

ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಮುದುಕಿ ಆ ದಿನ ಉಣ್ಣಲಿಲ್ಲ.

ಒಂದು ಬರೆ ಕೀವಾಯಿತು. ಅಂಬವ್ವ ಮಗಳನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಪಟ್ಟಿ ಕಟ್ಟುವ ಕೆಲಸಕ್ಕೆ ಮುಮ್ತಾಜ ಎಂಬ ನರ್ಸಬಾಯಿ ಇದ್ದಳು. ಹಳೆಯ ಕಲೆ, ಹೊಸ ಕಲೆ ಎಲ್ಲ ನೋಡಿದಳು. ಏನಾಯಿತೆಂದು ಗದ್ದಲ ಮಾಡಲಿಲ್ಲ. ತೊಳೆದಳು, ಮುಲಾಮು ಹಚ್ಚಿದಳು, "ಉರೀತೈತೇನವಾ?" ಎಂದು ಬನವ್ವನನ್ನೇ ಕೇಳಿದಳು. ಬನವ್ವ ಹೂಂ ಎಂದಾಗ ಊದಿದಳು. ಆಮೇಲೆ ಅಂಬವ್ವನನ್ನು ಹೊರಗೆ ಕರೆದಳು.

"ಬಡದೀರೇನ್ರಿ?"

ಅಂಬವ್ವ ಸೆರಗಿನ ಚುಂಗು ತಿರುವುತ್ತ ನಿಂತಳು.

"ಇನ್ನ ಬಡೀಬ್ಯಾಡ್ರಿ. ಬೈಬ್ಯಾಡ್ರಿ. ಒಬ್ಬಾಕಿನ್ನ ಬಿಡಬ್ಯಾಡ್ರಿ, ಖರೆ. ಆದ್ರ ಕಳ್ಳನ್ನ ಕಾಯ್ದಂಗ ಕಾಯಬ್ಯಾಡ್ರಿ."

"ಬಿಡಾಕೂ ಬರಂಗಿಲ್ಲ, ಕಾಯಾಕೂ ಬರಂಗಿಲ್ಲ. ಮತ್ತ ಏನ ಮಾಡ್ಲ್ರಿ ಬಾಯಾರ?"

"ಕೂಡ ಕುಂಡ್ರಿ. ಕೂಡ ಕೆಲಸಾ ಮಾಡ್ರಿ. ತಾನಽ ಮಾತಾಡತಾಳ. ಇವತ್ತ ಆಗಲಿಕ್ಕಿಲ್ಲ. ಪಟ್ಟಿ ಬಿಚ್ಚಾಕ ನನ್ನ ಕಡೆನಽ ಕರಕೊಂಡ ಬರ್ರಿ, ನಾನೂ ಮಾತಾಡಸ್ತೀನಿ."

ಮನೆಗೆ ಬಂದ ಅಂಬವ್ವ ಮೊದಲು ಮಾಡಿದ ಕೆಲಸ, ಗೋಡೆಯ ಮೂಲೆಯಲ್ಲಿದ್ದ ಬನವ್ವನ ರಾಟಿಯನ್ನು ಎತ್ತಿ ಮಗ್ಗದ ಪಕ್ಕಕ್ಕೆ, ತನ್ನ ಮುಖಕ್ಕೆ ಎದುರಾಗಿ ಇಟ್ಟದ್ದು. ಬೆಳಗ್ಗೆ ತೋಳು ಎಳೆದು ನೋಡುವುದನ್ನು ಬಿಟ್ಟಳು. ನೋಡದೆ ಇರುವುದು ಆಕೆಗೆ ಎಷ್ಟು ಕಠಿಣವಾಯಿತೆಂದು ನನಗೆ ಗೊತ್ತು. ನೀರು ಸೇದಲು ಬಂದಾಗ ಬಾವಿಕಟ್ಟೆಯ ಮೇಲೆ ಕೈ ಹಿಸುಕಿಕೊಳ್ಳುತ್ತ ನಿಲ್ಲುತ್ತಿದ್ದಳು.

ಎಷ್ಟೋ ದಿನ ಮಗ್ಗ ಮತ್ತು ರಾಟಿಯ ಸಪ್ಪಳ ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಸಣ್ಣ ಸಣ್ಣ ಮಾತು. ನೂಲು ಜೊಳ್ಳಾಗಿದೆ, ಬಣ್ಣ ಚೆನ್ನಾಗಿ ಕೂತಿಲ್ಲ, ಇಂಥವೇ. ನಡುವೆ ಒಮ್ಮೆ ಇನ್ನೊಂದು ಬರೆ ಕಂಡಿತು. ಈ ಸಲ ಅಂಬವ್ವ ಕೈ ಎತ್ತಲಿಲ್ಲ. "ನಡಿ, ಮುಮ್ತಾಜಬಾಯಿ ಕಡೆ ಹೋಗೂಣು" ಎಂದಳು, ಅಷ್ಟೇ. ದವಾಖಾನೆಯಿಂದ ಬಂದ ಮಧ್ಯಾಹ್ನ ಬನವ್ವ ಕಂಡಕಿ ಸುತ್ತುತ್ತ, ತಲೆ ಎತ್ತದೆ, ಯಾರಿಗೋ ಹೇಳುವಂತೆ ಹೇಳಿದಳು.

"ಅಂವಾ ಮಲಗಬೇಕಾದ್ರ ನನ್ನ ಕಿವಿ ಹಿಡಕೊಂಡ ಮಲಗತಿದ್ದ. ಅಲ್ಲಿ ಯಾರ ಕಿವಿ ಹಿಡಕೋತಾನ?"

ಮಗ್ಗ ನಿಂತಿತು.

"ಕೂಸು ಕೊಟ್ಟಿ ಅಂತ ನಿನ್ನ ಎಲ್ಲಾರೂ ಹೊಗಳಿದ್ರು. ನಂದೂ ಕೊಟ್ಟೆಲ್ಲಬೇ. ನನ್ನ ಯಾರ ಕೇಳಿದ್ರು? ಅಳಬ್ಯಾಡ ಅಂದ್ರಿ, ಅಳಲಿಲ್ಲ. ಶಾಣ್ಯಾಕಿ ಅಂದಿ. ಶಾಣ್ಯಾಕಿ ಆದ ಮ್ಯಾಲೆ ಎಲ್ಲಿ ಅಳ್ಲಿ?"

"ಹಂಗ ಮಾಡಿದ್ರ... ಕಮ್ಮಿ ಆಗತಿತ್ತೇನು?" ಎಂದಳು ಅಂಬವ್ವ.

"ಸುಳ್ಳ ಅದು. ಹೋಗಂಗಿಲ್ಲ. ಇದ್ದದ್ದು ಅಲ್ಲೇ ಇರತೈತಿ, ಮ್ಯಾಲ ನಾಚಿಕಿ ಬರತೈತಿ."

"ನನ್ನ ಮಾತನ್ನಽ ಆಕಿ ನಂಬಿದ್ಲು. ನನ್ನ ಮಾತನ್ನಽ ಆಕಿನಽ ಸುಳ್ಳ ಅಂದ್ಲು. ನಡುವ ಆಕಿ ಕೈ ಹಾಳಾತು" ಎಂದು ಅಂಬವ್ವ ಆಮೇಲೆ ನನ್ನ ಮುಂದೆ ಹೇಳಿಕೊಂಡಳು.

ಬೇಸಿಗೆಯಲ್ಲಿ ಅಂಬವ್ವ ಕಟ್ಟಳೆ ಮುರಿದು ಮಗಳೊಂದಿಗೆ ಲಕ್ಷ್ಮೇಶ್ವರದ ಮೋಟಾರು ಹತ್ತಿದಳು. ಅಲ್ಲಿ ನಡೆದದ್ದು ಆಕೆಯೇ ಹೇಳಿದ್ದು. ತುಳಜವ್ವ ಬಾಗಿಲಲ್ಲಿ ಇವರನ್ನು ಕಂಡವಳೇ ಗೋಪಣ್ಣನನ್ನು ಎತ್ತಿಕೊಂಡು ಹಿಂದೆ ಸರಿದಳು.

"ಉಡಿಯಾಗ ಹಾಕಿದ್ದನ್ನ ತಿರುಗಿ ಕೇಳಾಕ ಬಂದೀಯೇನ ಯಕ್ಕಾ?"

"ಕೇಳಾಕ ಬಂದಿಲ್ಲಽ. ಅಳಾಕ ಬಂದೇವಿ" ಎಂದಳು ಅಂಬವ್ವ. "ಅವತ್ತ ಅಳಲಿಲ್ಲಲ್ಲ, ಅದು ಉಳದೈತಿ."

ತುಳಜವ್ವ ಏನೂ ತಿಳಿಯದೆ ಇಬ್ಬರನ್ನೂ ನೋಡಿದಳು. ಬನವ್ವನ ಕೈಪಟ್ಟಿ ನೋಡಿದಳು. ಆಮೇಲೆ ಚಾಪೆ ಹಾಸಿದಳು. ಗೋಪಣ್ಣ ನಡೆಯಲು ಕಲಿತಿದ್ದ. ಬನವ್ವ ಕೈ ಚಾಚಿದರೆ ಬರಲಿಲ್ಲ. ತುಳಜವ್ವನ ಸೀರೆ ಹಿಡಿದು ಹಿಂದಿನಿಂದ ಇಣುಕಿದ. ಬನವ್ವನ ಕೈ ಹಾಗೆಯೇ ನಿಂತಿತು. ಅಂಬವ್ವನಿಗೆ ಅಂಜಿಕೆಯಾಯಿತು, ಯಾಕಾದರೂ ಕರೆದುಕೊಂಡು ಬಂದೆ ಎಂದು.

"ಚಿಗವ್ವಾ, ಅಂವಾ ಹೆಂಗ ಮಲಗತಾನ?" ಬನವ್ವ ಕೇಳಿದಳು.

"ಅದನ್ನ ಕೇಳಬ್ಯಾಡ ತಾಯಿ. ನನ್ನ ಕಿವಿ ಹಿಂಡಿ ಹಿಂಡಿ ಕೆಂಪ ಮಾಡ್ಯಾನ. ಓಲಿ ತಗದ ಇಟ್ಟೀನಿ ನೋಡು." ತುಳಜವ್ವ ಕೂದಲು ಸರಿಸಿ ಬರಿಗಿವಿ ತೋರಿಸಿದಳು.

ಬನವ್ವ ಎದ್ದು ಹೋಗಿ ಆ ಕಿವಿಯನ್ನು ಮುಟ್ಟಿ ನೋಡಿದಳು. ನಕ್ಕಳು. ನಗುತ್ತಿದ್ದಂತೆ ಅಳು ಬಂತು. ಚಿಕ್ಕಮ್ಮನ ಹೆಗಲ ಮೇಲೆ ಬಿದ್ದು ಅತ್ತಳು. ಒಂದು ವರ್ಷದ ಅಳು. ತುಳಜವ್ವ "ಸುಮ್ನಿರು, ಸುಮ್ನಿರು" ಎನ್ನಹೋದರೆ ಅಂಬವ್ವ ತಂಗಿಯ ಬಾಯಿಯ ಮೇಲೆ ಕೈ ಇಟ್ಟಳು. "ಅನಬ್ಯಾಡ. ಆ ಮಾತ ನಾ ಬಾಳ ಸಲ ಅಂದೀನಿ." ಅಷ್ಟೊತ್ತಿಗೆ ಗೋಪಣ್ಣ ಬಂದು ಅಳುವ ಹುಡುಗಿಯ ಮುಖವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ.

ಹೊರಡುವಾಗ ತುಳಜವ್ವ ತಾನಾಗಿ ಹೇಳಿದಳು. "ದೀಪಾವಳಿಗೆ ನಮ್ಮ ರಾಜ್ಯ ಕೂಡತೈತಂತಲ್ಲ, ಗದಗಿನ್ಯಾಗ ಮೆರವಣಿಗಿ ಐತಂತ. ಅವತ್ತ ಕರಕೊಂಡ ಬರ್ತೀನಿ. ಅಕ್ಕ ಅನ್ನೂದು ಕಲಸಿರ್ತೀನಿ."

ಮೋಟಾರಿನಲ್ಲಿ ತಾಯಿ ಮಗಳು ಒಂದು ಮಾತು ಮಾಡಿಕೊಂಡರು.

"ಹಂಗ ಮತ್ತ ಅನಸಿದ್ರ, ಮಾಡಕೋಳೂಕಿಂತ ಮೊದಲ ನನ್ನ ಕರಿ. ನಾ ಬೈಯಂಗಿಲ್ಲ. ಎದ್ದ ಬರ್ತೀನಿ."

"ಮಗ್ಗದಾಗ ಇದ್ರ?"

"ಮಗ್ಗದಾಗ ಇದ್ರೂ."

"ಸೀರಿ ನೇದು ಇಳಸೂ ಗದ್ದಲದಾಗ ಇದ್ರ?"

"ಆಗೂ."

"ಹೂಂ, ನೋಡೂಣು" ಎಂದು ಬನವ್ವ ಕಿಟಕಿಯ ಕಡೆ ತಿರುಗಿದಳು. ನಂಬಿರಲಿಲ್ಲ. ನಂಬದೆ ಇರಲು ಅವಳಿಗೆ ಕಾರಣವೂ ಇತ್ತು.

ಮಳೆಗಾಲ ಸುಮ್ಮನೆ ಕಳೆಯಿತು. ಬನವ್ವ ಗೋಪಣ್ಣನಿಗೆಂದು ಬಣ್ಣದ ಚೂರು ಬಟ್ಟೆ ಕೂಡಿಸಿ ತಲೆಗೆ ಹಾಕುವ ಒಂದು ಕುಲಾವಿ ಹೊಲಿದಳು. ಅವಳು ಕರೆಯಲಿಲ್ಲ, ಹೊಸ ಬರೆಯೂ ಕಾಣಲಿಲ್ಲ. ಆದರೆ ಅಂಬವ್ವ ಒಳಗೊಳಗೇ ಸವೆದಳು. ರಾಟಿ ಕ್ಷಣ ನಿಂತರೂ ಅವಳ ಲಾಳಿ ತಪ್ಪುತ್ತಿತ್ತು. ಎಂದೂ ದೋಷ ಬಾರದ ಆಕೆಯ ಸೀರೆಗಳಲ್ಲಿ ಎಳೆ ತಪ್ಪಿದ ಗುರುತು ಬರತೊಡಗಿದವು.

ರಾಜ್ಯ ಕೂಡುವ ದಿನ ಬಂತು. ಊರಿಗೆ ಊರೇ ಹೊಸ ಅಂಗಿ ಹಾಕಿತ್ತು. ಕಲ್ಲಣ್ಣನಿಗೆ ಮತ್ತೆ ಬಾಯಿ ಬಂದಿತ್ತು.

"ಯವ್ವಾ, ನಿನ್ನಿತನಾ ನಾವು ಮುಂಬಯಿಯವ್ರು. ಇವತ್ತಿಂದ ಮೈಸೂರಿನವ್ರು."

"ಮನಿ ಇಲ್ಲೇ ಇರತೈತ್ಯೋ, ಹೊತಗೊಂಡ ಹೋಗಬೇಕೋ?" ಎಂದಳು ಮುದುಕಿ.

"ಇಲ್ಲೇ ಇರತೈತಿ."

"ಹಂಗಾದ್ರ ಆತ ತಗೋ. ಯಾರವ್ರರ ಆಗ್ರಿ."

ಗಂಡಸರು, ಹುಡುಗರು ಎಲ್ಲ ಗದಗಿನ ಕಡೆ ಹೋದರು. ಅಂಬವ್ವ ಮಗ್ಗದಲ್ಲಿ ಉಳಿದಳು. ಹಬ್ಬದ ಸೀರೆ ಸಂಜೆಯೊಳಗೆ ಮಗ್ಗದಿಂದ ಇಳಿಸಲೇಬೇಕಿತ್ತು. ಸೆರಗಿನ ತುದಿಗೆ ಬಂದಿದ್ದಳು. ಬನವ್ವ ಬೆಳಗಿನಿಂದ ಕುಲಾವಿ ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದಳು. ಮಧ್ಯಾಹ್ನದ ಮೋಟಾರಿಗೆ ಲಕ್ಷ್ಮೇಶ್ವರದ ಕಡೆಯ ಪರಿಚಯದವನೊಬ್ಬ ಬಂದು ಖಬರ ಹೇಳಿ ಹೋದ. ಗೋಪಣ್ಣನಿಗೆ ಜ್ವರ, ತುಳಜವ್ವ ಬರುವುದಿಲ್ಲ. ಅಂಜುವಂಥದ್ದೇನಿಲ್ಲ.

"ಹೋಗ್ಲಿ ಬಿಡು, ಮತ್ತೊಮ್ಮೆ ಬರ್ತಾರ" ಎಂದಳು ಅಂಬವ್ವ ಕುಣಿಯಿಂದಲೇ. ಲಾಳಿ ನಡೆದೇ ಇತ್ತು. ನಾನು ರಾಟಿ ನಿಲ್ಲಿಸಿ ಕೇಳುತ್ತ ಕುಳಿತೆ. ಬನವ್ವ ಎದ್ದ ಸಪ್ಪಳ. ಬಳೆಯ ಸಪ್ಪಳ ಅಡುಗೆಮನೆಯ ಕಡೆ ಹೋಯಿತು. ಅಲ್ಲಿ ನಿಂತಿತು. ಕೂಗಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಳೆಯ ಸಪ್ಪಳ ತಿರುಗಿ ಬಂತು. ಮಗ್ಗದ ಹತ್ತಿರ ಬಂತು.

"ಯವ್ವಾ."

ಲಾಳಿ ಓಡುತ್ತಿತ್ತು.

"ಯವ್ವಾ, ಹಂಗ ಅನಸಾಕತ್ತೈತಿ."

ಒಂದು ಸಪ್ಪಳ ಆಯಿತು. ಅದು ಲಾಳಿ ಕಲ್ಲಿನ ಮೇಲೆ ಬಿದ್ದದ್ದು. ನೂಲು ಹರಿಯಿತು. "ಬಂದೆ, ಬಂದೆ ನನ್ನವ್ವಾ, ಬಂದೆ" ಎನ್ನುತ್ತ ಅಂಬವ್ವ ಮೊಣಕಾಲೂರಿ ಕುಣಿಯಿಂದ ಮೇಲೆ ಬಂದಳು. ನಾನು ಓಡಿಹೋಗಿ ಬಾಗಿಲಲ್ಲಿ ನಿಂತಾಗ ಮಗಳನ್ನು ಅಪ್ಪಿಕೊಂಡು ನಿಂತಿದ್ದಳು. ಆಕೆಯ ಮೊಣಕಾಲು ತರಚಿತ್ತು.

"ಏನ ಮಾಡ್ಲಿ ಹೇಳು?"

"ಏನೂ ಮಾಡಬ್ಯಾಡ. ಕುಂದ್ರು."

ಕುಣಿಯ ಅಂಚಿನಲ್ಲಿ ಇಬ್ಬರೂ ಕುಳಿತರು. ನನಗೂ ಕುಳ್ಳಿರೆಂದು ಬನವ್ವ ಕೈಮಾಡಿದಳು. ಕುಲಾವಿ ಅವಳ ತೊಡೆಯ ಮೇಲಿತ್ತು. ದೂರದಲ್ಲಿ ಬಾಜಾಭಜಂತ್ರಿ ಕೇಳುತ್ತಿತ್ತು. ಅವಳು ಗೋಪಣ್ಣನ ಮಾತು ಆಡಿದಳು, ಅತ್ತಳು, ಮತ್ತೆ ಆಡಿದಳು. ಅಂಬವ್ವ ಒಮ್ಮೆಯೂ ಕಮ್ಮಿ ಆತೇನು ಎಂದು ಕೇಳಲಿಲ್ಲ. ಸಂಜೆ ಕಲ್ಲಣ್ಣ ಸಕ್ಕರೆ ಪೊಟ್ಟಣ ಹಿಡಿದು ಬಂದು ಹರಿದ ನೂಲು ನೋಡಿ ಕೇಳಿದ.

"ಸೀರಿ ಇಳೀಲಿಲ್ಲೇನು?"

"ಇಲ್ಲ" ಎಂದಳು ಅಂಬವ್ವ. "ನನ್ನ ಮಗಳು ಕರದ್ಲು."

ಅವನು ಇಬ್ಬರ ಕೈಯಲ್ಲೂ ಸಕ್ಕರೆ ಹಾಕಿ, ಹರಿದ ಎಳೆಗಳನ್ನು ಗಂಟು ಹಾಕಲು ಕುಳಿತ.

ಮುಂದೆಯೂ ಬನವ್ವ ಕರೆದದ್ದುಂಟು. ಬರಬರುತ್ತ ಕಡಿಮೆಯಾಯಿತು. ಕೈಮೇಲಿನ ಕಲೆ ಮುಚ್ಚದೆಯೇ ಶಿರಹಟ್ಟಿಯ ಕಡೆ ಕೊಟ್ಟರು. ಹುಡುಗನ ತಾಯಿಯ ಮುಂದೆ ಅಂಬವ್ವ ತಾನೇ ಎಲ್ಲ ಹೇಳಿದ್ದಳು. ಬನವ್ವನಿಗೆ ಮಕ್ಕಳಾದವು. ಗೋಪಣ್ಣ ದೊಡ್ಡವನಾಗಿ ಅವಳ ಮನೆಗೆ ಹೋಗಿಬಂದು ಮಾಡಿದ. ಆದರೆ ಅಂಬವ್ವನ ಲೆಕ್ಕದಲ್ಲಿ ಇದು ಮುಗಿಯಲಿಲ್ಲ. "ಆಕಿ ಚಲೋ ಅದಾಳಲ್ಲ ಅಂಬಕ್ಕಾ" ಎಂದರೆ, "ಆಕಿ ಚಲೋ ಆದದ್ದು ಆಕಿ ದೊಡ್ಡಸ್ತಿಕಿ. ಕಾಲ ಹಿಡಕೊಂಡದ್ದು ನನ್ನ ಕೈ" ಎನ್ನುತ್ತಿದ್ದಳು. ಓಣಿಯಲ್ಲಿ ಯಾರಾದರೂ ಕೂಸಿಗೆ ಬರೆ ಹಾಕಿಸಲು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಕಡೆಗಾಲದಲ್ಲಿ ಕಣ್ಣು ಹೋಗಿದ್ದವು. ಬನವ್ವ ಬಂದರೆ ಎಡಗೈ ಹುಡುಕಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಆ ಕಲೆಗಳನ್ನು ತಿಕ್ಕುತ್ತ ಕೂಡುತ್ತಿದ್ದಳು, ಸೀರೆಯ ಮೇಲಿನ ಗಂ‌ಟನ್ನು ಸಾಪು ಮಾಡುವಂತೆ.

"ಸಾಕಬೇ, ಅಳಸಂಗಿಲ್ಲ ಅದು" ಎನ್ನುವಳು ಬನವ್ವ.

"ಗೊತ್ತೈತಿ" ಎನ್ನುವಳು ಅಂಬವ್ವ, ಮತ್ತೆ ತಿಕ್ಕುವಳು.